ಹೊಸಬರಿಗೆ ರಗ್ಬಿ ಕಲಿಸುವಾಗ ನಾನು ಅನುಸರಿಸುವ ಕ್ರಮ

ರಗ್ಬಿ ಕಲಿಯಲು ಬಂದವರಿಗೆ ಎಲ್ಲ ನಿಯಮಗಳನ್ನೂ ಮೊದಲೇ ವಿವರಿಸುವ ಪದ್ಧತಿ ನನ್ನದಲ್ಲ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ ಎಂಬ ಒಂದೇ ನಿಯಮದಿಂದ ನಾನು ಆರಂಭಿಸುತ್ತೇನೆ. ಫುಟ್‌ಬಾಲ್ ಆಡಿ ರೂಢಿಯಿರುವವರು ಚೆಂಡಿಗಿಂತ ಮುಂದೆ ಓಡಿ ಪಾಸ್‌ಗಾಗಿ ಕಾಯುತ್ತಾರೆ. ಇಲ್ಲಿ ಹಾಗೆ ನಿಂತವರಿಗೆ ಚೆಂಡು ದೊರೆಯುವುದೇ ಇಲ್ಲ. ಆದ್ದರಿಂದ ಆರಂಭದಲ್ಲಿ ಕೆಡವುವ ಬದಲು ಎದುರಾಳಿಯನ್ನು ಮುಟ್ಟಿದರೆ ಸಾಕೆನ್ನುವ ಟಚ್ ರಗ್ಬಿಯನ್ನಷ್ಟೇ ಆಡಿಸುತ್ತೇನೆ. ಪೆಟ್ಟಿನ ಭಯವಿಲ್ಲದ ಈ ಆಟದಲ್ಲಿ, ಚೆಂಡು ಹಿಡಿದವರ ಹಿಂದೆ ಓರೆಯಾಗಿ ಹರಡಿಕೊಂಡು ಓಡಿಬರುವುದು ಕಾಲಿಗೆ ತಾನಾಗಿಯೇ ರೂಢಿಯಾಗುತ್ತದೆ.

ಅನಂತರದ ಪಾಠ ಟ್ಯಾಕಲ್, ಅಂದರೆ ಚೆಂಡು ಹಿಡಿದು ಓಡುವವರನ್ನು ಹಿಡಿದು ಕೆಡವುವುದು. ಇದಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ಇಬ್ಬರನ್ನೂ ಮಂಡಿಯೂರಿಸಿ, ಬಳಿಕ ನಡೆಸಿ, ಕೊನೆಗೆ ನಿಧಾನವಾಗಿ ಓಡಿಸಿ ಅಭ್ಯಾಸ ಮಾಡಿಸುತ್ತೇನೆ. ಹೆಗಲಿಗಿಂತ ಮೇಲೆ ಹಿಡಿಯುವುದನ್ನು ನಿಯಮವೇ ನಿಷೇಧಿಸುತ್ತದೆ. ನಾನಂತೂ ಸೊಂಟದ ಕೆಳಗೇ ಗುರಿಯಿಡಲು ಹೇಳುತ್ತೇನೆ. ಕಣ್ಣು ತೆರೆದಿರಬೇಕು, ಬೆನ್ನು ನೆಟ್ಟಗಿರಬೇಕು, ಹೆಗಲು ಮೊದಲು ತಾಗಬೇಕು, ಎರಡೂ ತೋಳುಗಳು ಕಾಲುಗಳನ್ನು ಬಳಸಿ ಬಿಗಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಲೆ ಎದುರಾಳಿಯ ಓಟಕ್ಕೆ ಅಡ್ಡ ಬಾರದೆ ಅವರ ದೇಹದ ಹಿಂಬದಿಗೆ ಸರಿದಿರಬೇಕು. ತಲೆಗೆ ಏಟು ಬಿದ್ದ ಅನುಮಾನವಿದ್ದರೂ ಸಾಕು, ಆ ದಿನ ಅವರನ್ನು ಮತ್ತೆ ಮೈದಾನಕ್ಕೆ ಇಳಿಸುವುದಿಲ್ಲ. ಎಷ್ಟೇ ಒತ್ತಾಯ ಬಂದರೂ ಇದರಲ್ಲಿ ರಾಜಿಯಿಲ್ಲ.

ಕಬಡ್ಡಿ ಆಡಿ ಬಂದವರು ಕಾಲು ಹಿಡಿಯುವುದರಲ್ಲಿ ನಿಪುಣರು. ಆದರೆ ಹಿಡಿದದ್ದನ್ನು ಬಿಡದಿರುವುದೇ ಅಲ್ಲಿನ ಗೆಲುವು; ರಗ್ಬಿಯಲ್ಲಾದರೋ ಕೆಡವಿದವರು ತಕ್ಷಣ ಕೈಬಿಟ್ಟು ಪಕ್ಕಕ್ಕೆ ಸರಿಯಬೇಕು, ಬಿದ್ದವರೂ ಚೆಂಡನ್ನು ಕೂಡಲೇ ಬಿಡಬೇಕು. ಚೆಂಡನ್ನು ತಮ್ಮವರ ಕಡೆಗೆ ಕೈಚಾಚಿ ಇಡುವುದನ್ನು ನಾನು ಪ್ರತ್ಯೇಕವಾಗಿ ಕಲಿಸುತ್ತೇನೆ. ನೆಲದ ಮೇಲಿನ ಆ ಚೆಂಡಿನ ಮೇಲೆ ಎರಡೂ ತಂಡದವರು ನಿಂತುಕೊಂಡೇ ಮೈಗೆ ಮೈ ಕೊಟ್ಟು ತಳ್ಳಾಡಿದರೆ ಅದು ರಕ್. ಅದರಲ್ಲಿ ಭಾಗವಹಿಸದ ಆಟಗಾರರು ರಕ್‌ನಲ್ಲಿರುವ ತಮ್ಮ ತಂಡದ ಕೊನೆಯ ಆಟಗಾರರ ಪಾದಕ್ಕಿಂತ ಹಿಂದೆ ನಿಲ್ಲಬೇಕು. ನೋಡುವವರಿಗೆ ಗೊಂದಲವೆನಿಸುವ ಬಹುಪಾಲು ಶಿಳ್ಳೆಗಳು ಇಲ್ಲಿಯೇ ಕೇಳಿಬರುವುದರಿಂದ, ಇದು ಅರ್ಥವಾದರೆ ಅರ್ಧ ಆಟ ಅರ್ಥವಾದಂತೆ.

ಅಂಕಗಳ ಲೆಕ್ಕ ಸುಲಭ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ಅದಕ್ಕೆ 5 ಅಂಕ. ಬಳಿಕ ಕಂಬಗಳ ನಡುವೆ ಒದ್ದರೆ 2. ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಒದೆತಕ್ಕೂ, ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿಯುವಾಗ ಒದೆಯುವ ಡ್ರಾಪ್ ಗೋಲಿಗೂ 3.

ಮೊದಲ ಪಂದ್ಯವಾಗಿ ನಾನು 2016ರಿಂದ ಒಲಿಂಪಿಕ್ಸ್‌ನಲ್ಲಿರುವ ಸೆವೆನ್ಸ್ ಮಾದರಿಯನ್ನೇ, ಅಂದರೆ ತಂಡಕ್ಕೆ ಏಳು ಜನರ ಆಟವನ್ನೇ ಆರಿಸುತ್ತೇನೆ. 7 ನಿಮಿಷಗಳ ಎರಡು ಅವಧಿಗಳಲ್ಲಿ ಪ್ರತಿಯೊಬ್ಬರಿಗೂ ಚೆಂಡು ಸಿಗುತ್ತದೆ. ಎರಡೂ ತಂಡದವರು ಬಾಗಿ, ಒಬ್ಬರಿಗೊಬ್ಬರು ಹೆಣೆದುಕೊಂಡು ಚೆಂಡಿಗಾಗಿ ಎದುರುಬದುರು ತಳ್ಳುವ ಸ್ಕ್ರಮ್‌ನಲ್ಲೂ ತಂಡಕ್ಕೆ ಮೂವರೇ ಇರುತ್ತಾರೆ. 15 ಜನರ ಆಟದಲ್ಲಿ ತಲಾ ಎಂಟು ಮಂದಿ ಸೇರಿ ತಳ್ಳುವ ಸ್ಕ್ರಮ್‌ನ ಭಾರವೆಲ್ಲ ಮುಂದಿನ ಸಾಲಿನವರ ಕುತ್ತಿಗೆ ಮತ್ತು ಬೆನ್ನಿನ ಮೇಲೆ ಬೀಳುತ್ತದೆ. ಅದಕ್ಕಾಗಿ ಬೇರೆಯೇ ತರಬೇತಿ ಪಡೆಯದ ಯಾರನ್ನೂ ನಾನು ಆ ಸಾಲಿನಲ್ಲಿ ನಿಲ್ಲಿಸುವುದಿಲ್ಲ.