ಮೂರೇ ದನಿಯಲ್ಲಿ ಇಡೀ ಹಾಡು: ಗೋಟ್‌ಟ್ರ್ಯಾಕರ್‌ನಲ್ಲಿ ಸಿಡ್ ಸಂಗೀತ ಕಟ್ಟುವುದು ಹೇಗೆ

1982ರಲ್ಲಿ ಬಂದ ಕೊಮೊಡೋರ್ 64 ಕಂಪ್ಯೂಟರಿನ ಸದ್ದು ಹುಟ್ಟಿಸುವ ಸಿಡ್ ಚಿಪ್‌ನಲ್ಲಿ ಇರುವುದು ಮೂರೇ ದನಿ. ಒಂದು ದನಿ ಒಂದು ಹೊತ್ತಿಗೆ ಒಂದೇ ಸ್ವರ ನುಡಿಸಬಲ್ಲದು. ಆದರೂ ಆ ಕಾಲದ ಆಟಗಳ ಸಂಗೀತದಲ್ಲಿ ಡ್ರಮ್, ಬೇಸ್, ಕಾರ್ಡ್, ಮೇಲೊಂದು ಮಟ್ಟು ಎಲ್ಲವೂ ಕೇಳಿಸುತ್ತವೆ. ಚಿಪ್‌ನ ವಿನ್ಯಾಸಕ ಬಾಬ್ ಯಾನ್ನೆಸ್ ಪ್ರತಿ ದನಿಗೂ ತ್ರಿಕೋನ, ಗರಗಸ, ಪಲ್ಸ್, ನಾಯ್ಸ್ ಎಂಬ ನಾಲ್ಕು ತರಂಗಗಳನ್ನೂ ಪ್ರತ್ಯೇಕ ಎನ್ವಲಪನ್ನೂ (ಸ್ವರದ ಸದ್ದು ಏರಿ ಇಳಿಯುವ ಬಗೆ) ಕೊಟ್ಟರು. ಸೆಕೆಂಡಿಗೆ 50 ಸಲ, ಅಂದರೆ 20 ಮಿಲಿಸೆಕೆಂಡಿಗೊಮ್ಮೆ, ತರಂಗವನ್ನೂ ಶ್ರುತಿಯನ್ನೂ ಬದಲಿಸುತ್ತಾ ಹೋದರೆ ಆ ಪರಿಚಿತ ಸದ್ದು ಹುಟ್ಟುತ್ತದೆ. ಯಾವುದೋ ಸಿಂಥ್ ಪ್ಲಗಿನ್‌ನಲ್ಲಿ ಚೌಕ ತರಂಗ ಹಾಕಿಕೊಂಡು ನುಡಿಸಿದರೆ ಸಪ್ಪೆ ಅನ್ನಿಸುವುದು ಈ 20 ಮಿಲಿಸೆಕೆಂಡಿನ ಕೆಲಸ ಅಲ್ಲಿ ನಡೆಯದ ಕಾರಣಕ್ಕೆ.

ಬೇಕಾದ ತಂತ್ರಾಂಶ ಎರಡು, ಎರಡೂ ಉಚಿತ: ಬರೆಯಲು ಗೋಟ್‌ಟ್ರ್ಯಾಕರ್ 2, ಕೇಳಿ ರೆಕಾರ್ಡ್ ಮಾಡಲು ವೈಸ್ ಎಮ್ಯುಲೇಟರ್ (ಇಂದಿನ ಕಂಪ್ಯೂಟರಿನಲ್ಲಿ ಕೊಮೊಡೋರ್ 64ನ್ನು ಅನುಕರಿಸುವ ತಂತ್ರಾಂಶ).

ಮೊದಲು ಚಿಪ್ ಆರಿಸಿ. ಹಳೆಯ 6581, ನಂತರದ 8580 ಎಂದು ಎರಡು ಮಾದರಿಗಳಿವೆ. ಗೋಟ್‌ಟ್ರ್ಯಾಕರ್‌ನಲ್ಲಿ ಶಿಫ್ಟ್ ಹಿಡಿದು ಎಫ್8 ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. 6581ರ ಫಿಲ್ಟರ್ (ಸದ್ದಿನ ಕೆಲವು ಕಂಪನಗಳನ್ನು ಸೋಸುವ ಭಾಗ) ಒಂದು ಚಿಪ್‌ನಲ್ಲಿದ್ದಂತೆ ಇನ್ನೊಂದರಲ್ಲಿ ಇರುತ್ತಿರಲಿಲ್ಲ, 8580ರದ್ದು ಹೆಚ್ಚು ಕ್ರಮಬದ್ಧ. ಹಾಡು ಅರ್ಧ ಮುಗಿದ ಮೇಲೆ ಚಿಪ್ ಬದಲಿಸಿದರೆ ಫಿಲ್ಟರ್ ಬಳಸಿದ ವಾದ್ಯಗಳನ್ನೆಲ್ಲ ಮತ್ತೆ ಹೊಂದಿಸಬೇಕಾಗುತ್ತದೆ. ಹೊಸಬರಿಗೆ 8580 ವಾಸಿ.

ಎಫ್5 ಪ್ಯಾಟರ್ನ್‌ಗೆ (ಸ್ವರಗಳನ್ನು ಸಾಲುಸಾಲಾಗಿ ಬರೆಯುವ ಪಟ್ಟಿ), ಎಫ್6 ಪ್ಯಾಟರ್ನ್‌ಗಳ ಕ್ರಮಕ್ಕೆ, ಎಫ್7 ವಾದ್ಯ ಮತ್ತು ಟೇಬಲ್‌ಗಳಿಗೆ ಒಯ್ಯುತ್ತದೆ. ಎಫ್1 ಹಾಡನ್ನು ಮೊದಲಿಂದ ನುಡಿಸುತ್ತದೆ, ಎಫ್4 ನಿಲ್ಲಿಸುತ್ತದೆ. ಕೀಬೋರ್ಡಿನ ಝಡ್ ಸಾಲು ಕೆಳಗಿನ ಸ್ಥಾಯಿ, ಕ್ಯೂ ಸಾಲು ಮೇಲಿನದು. ಸ್ವರ ಒತ್ತಿದರೂ ಪ್ಯಾಟರ್ನ್‌ನಲ್ಲಿ ಬೀಳದಿದ್ದರೆ ಸ್ಪೇಸ್ ಒಮ್ಮೆ ಒತ್ತಿ. ಬರೀ ನುಡಿಸುವ ಸ್ಥಿತಿಯಲ್ಲಿದ್ದೀರಿ ಎಂದರ್ಥ. ಅಂಕಿಗಳೆಲ್ಲ ಹದಿನಾರರ ಲೆಕ್ಕದವು: 9 ಆದ ಮೇಲೆ ಎ, ಬಿ, ಸಿ, ಡಿ, ಇ, ಎಫ್.

ಬೇಸ್‌ನಿಂದ ಶುರು ಮಾಡಿ. ಒಂದನೇ ವಾದ್ಯದಲ್ಲಿ ಅಟ್ಯಾಕ್-ಡಿಕೇ 08, ಸಸ್ಟೇನ್-ರಿಲೀಸ್ 84 ಎಂದು ಬರೆಯಿರಿ: ಅಟ್ಯಾಕ್ (ಸದ್ದು ಏರುವ ಹೊತ್ತು) 2 ಮಿಲಿಸೆಕೆಂಡ್, ಡಿಕೇ (ಸಸ್ಟೇನ್ ಮಟ್ಟಕ್ಕೆ ಇಳಿಯುವ ಹೊತ್ತು) 300, ರಿಲೀಸ್ (ಸ್ವರ ಬಿಟ್ಟ ಮೇಲೆ ಆರುವ ಹೊತ್ತು) 114. ವೇವ್‌ಟೇಬಲ್‌ನ ಮೊದಲೆರಡು ಸಾಲು:

01: 41 00
02: ಎಫ್‌ಎಫ್ 00

ಎಡಗಡೆಯದು ತರಂಗ: 11 ತ್ರಿಕೋನ, 21 ಗರಗಸ, 41 ಪಲ್ಸ್, 81 ನಾಯ್ಸ್. ಬಲಗಡೆಯದು ಬರೆದ ಸ್ವರಕ್ಕಿಂತ ಎಷ್ಟು ಅರ್ಧಸ್ವರ ಮೇಲೆ ಎಂಬುದು. ಎಫ್‌ಎಫ್ ಎಂದರೆ ಜಿಗಿತ. ಅದರ ಪಕ್ಕ 00 ಇದ್ದರೆ ಅಲ್ಲಿಗೇ ನಿಲ್ಲುತ್ತದೆ. ಇಷ್ಟು ಬರೆದು ನುಡಿಸಿದರೆ ಏನೂ ಕೇಳದು! ಪಲ್ಸ್‌ನ ಅಗಲ ಇನ್ನೂ ಸೊನ್ನೆಯಲ್ಲಿದೆ, ಅಗಲವಿಲ್ಲದ ಪಲ್ಸ್‌ಗೆ ಸದ್ದಿಲ್ಲ. ಹೊಸಬರು ಹೆಚ್ಚು ಎಡವುವುದು ಇಲ್ಲೇ. ಪಲ್ಸ್‌ಟೇಬಲ್ ತುಂಬಿಸಿ:

01: 88 00
02: 20 10
03: 20 ಎಫ್0
04: ಎಫ್‌ಎಫ್ 02

ಮೊದಲ ಸಾಲು ಅಗಲವನ್ನು ಸರಿಯಾಗಿ ಅರ್ಧಕ್ಕೆ ತರುತ್ತದೆ. ಎರಡನೆಯದು 32 ಫ್ರೇಮ್‌ಗಳ (ಒಂದು ಫ್ರೇಮ್ ಎಂದರೆ ಆ 20 ಮಿಲಿಸೆಕೆಂಡಿನ ಒಂದು ಹೆಜ್ಜೆ) ಕಾಲ, ಫ್ರೇಮಿಗೆ 16ರಂತೆ ಹಿಗ್ಗಿಸುತ್ತದೆ. ಮೂರನೆಯದು ಅಷ್ಟೇ ಕುಗ್ಗಿಸುತ್ತದೆ. ನಾಲ್ಕನೆಯದು ಎರಡನೇ ಸಾಲಿಗೆ ಮರಳುತ್ತದೆ. ವಾದ್ಯದಲ್ಲಿ ವೇವ್, ಪಲ್ಸ್ ಎರಡರ ಆರಂಭದ ಸಾಲನ್ನೂ 01 ಎಂದು ನಮೂದಿಸಿ. ಈಗ ಬೇಸ್ ಉಸಿರಾಡುವಂತೆ ಕೇಳುತ್ತದೆ.

ಇನ್ನು ಕಾರ್ಡ್. ಸ, ಅಂತರ ಗಾಂಧಾರ, ಪಂಚಮ ಮೂರನ್ನೂ ಒಂದೇ ದನಿಯಲ್ಲಿ ಸುತ್ತಿಸಬೇಕು. ಎರಡನೇ ವಾದ್ಯಕ್ಕೆ ವೇವ್‌ಟೇಬಲ್‌ನಲ್ಲಿ ಹೀಗೆ ಬರೆಯಿರಿ:

03: 21 00
04: 00 04
05: 00 07
06: ಎಫ್‌ಎಫ್ 03

ಎಡಗಡೆ 00 ಇದ್ದರೆ ತರಂಗ ಹಾಗೆಯೇ ಮುಂದುವರಿಯುತ್ತದೆ. 04 ಇರುವಲ್ಲಿ 03 ಬರೆದರೆ ಸಾಧಾರಣ ಗಾಂಧಾರದ ಮೈನರ್ ಕಾರ್ಡ್. ಟೇಬಲ್ ಎಲ್ಲ ವಾದ್ಯಗಳಿಗೂ ಒಂದೇ ಆದ್ದರಿಂದ ಜಿಗಿತದ ಅಂಕಿ ಇಡೀ ಟೇಬಲ್‌ನ ಸಾಲನ್ನು ಸೂಚಿಸುತ್ತದೆ. ಇಲ್ಲಿ 03ರ ಬದಲು 01 ಎಂದು ಬರೆದರೆ ಕಾರ್ಡ್ ಒಂದು ಸುತ್ತು ತಿರುಗಿ ಬೇಸ್‌ನ ಸಾಲಿಗೆ ಹೋಗಿ ಕೂರುತ್ತದೆ.

ಡ್ರಮ್‌ಗೆ ಶ್ರುತಿ ಸರ್ರನೆ ಬೀಳಬೇಕು. ಮೂರನೇ ವಾದ್ಯ, ಅಟ್ಯಾಕ್-ಡಿಕೇ 09, ಸಸ್ಟೇನ್-ರಿಲೀಸ್ 07:

07: 81 ಡಿ0
08: 11 ಎ4
09: 11 98
0ಎ: 10 92
0ಬಿ: ಎಫ್‌ಎಫ್ 00

ಬಲಗಡೆ 81ರಿಂದ ಮೇಲಿನ ಅಂಕಿಗಳು ನಿಗದಿತ ಸ್ವರಗಳು. ಪ್ಯಾಟರ್ನ್‌ನಲ್ಲಿ ಏನೇ ಬರೆದಿದ್ದರೂ ಅವೇ ನುಡಿಯುತ್ತವೆ. ಮೊದಲ ಫ್ರೇಮಿನ ನಾಯ್ಸ್ ಕೋಲಿನ ಪೆಟ್ಟು, ಆಮೇಲೆ ಇಳಿಯುವ ತ್ರಿಕೋನ ಚರ್ಮದ ಗುಮ್ಮು. 10 ಗೇಟನ್ನು (ಸ್ವರವನ್ನು ಹಿಡಿದಿಡುವ ಸ್ವಿಚ್) ಮುಚ್ಚಿ ರಿಲೀಸ್ ಶುರು ಮಾಡುತ್ತದೆ. ಇಷ್ಟಾದರೂ ಡ್ರಮ್‌ಗೆ ಒಂದು ದನಿಯನ್ನು ಪೂರ್ತಿ ಬಿಟ್ಟುಕೊಡಬೇಡಿ. ಬೇಸ್ ಇರುವ ದನಿಯಲ್ಲೇ ತಾಳದ ಪೆಟ್ಟಿಗೆ ಡ್ರಮ್, ಮುಂದಿನ ಸಾಲಿನಲ್ಲಿ ಬೇಸ್ ಸ್ವರ ಬರೆಯಿರಿ. ಎರಡೂ ಒಟ್ಟಿಗಿವೆ ಎಂದೇ ಕಿವಿ ನಂಬುತ್ತದೆ. ಆಗ ಎರಡನೇ ದನಿ ಕಾರ್ಡ್‌ಗೆ, ಮೂರನೆಯದು ಮಟ್ಟಿಗೆ ಉಳಿಯುತ್ತದೆ.

ಕೆಲವು ಸ್ವರಗಳು ತಡವಾಗಿ ಏಳುತ್ತಿವೆ, ಕೆಲವು ನುಂಗಿಹೋಗುತ್ತಿವೆ ಎಂದರೆ ತಪ್ಪು ನಿಮ್ಮ ಬರವಣಿಗೆಯದ್ದಲ್ಲ, ಚಿಪ್‌ನದ್ದು. ಎನ್ವಲಪಿನ ಒಳಗಿನ ಎಣಿಕೆ ಹೊಸ ವೇಗದ ಗುರಿಯನ್ನು ಆಗಲೇ ದಾಟಿಬಿಟ್ಟಿದ್ದರೆ ಅದು 32768ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಬರಬೇಕು, ಅದಕ್ಕೆ ಸುಮಾರು 33 ಮಿಲಿಸೆಕೆಂಡ್ ಹಿಡಿಯುತ್ತದೆ. ಇದಕ್ಕೆ ಮದ್ದು ಹಾರ್ಡ್ ರೀಸ್ಟಾರ್ಟ್: ಹೊಸ ಸ್ವರಕ್ಕೆ ಎರಡು ಫ್ರೇಮ್ ಮುಂಚೆ ಗೇಟ್ ಮುಚ್ಚಿ ಎನ್ವಲಪನ್ನು ಖಾಲಿ ಮಾಡುವುದು. ವಾದ್ಯದ ಗೇಟ್ ಟೈಮರ್ 02, ಮೊದಲ ಫ್ರೇಮಿನ ತರಂಗ 09 ಎಂದಿದ್ದರೆ ಗೋಟ್‌ಟ್ರ್ಯಾಕರ್ ಇದನ್ನು ತಾನೇ ಮಾಡುತ್ತದೆ. ಅವೆರಡನ್ನೂ ಮುಟ್ಟಬೇಡಿ.

ಫಿಲ್ಟರ್ ಇರುವುದು ಇಡೀ ಚಿಪ್‌ಗೆ ಒಂದೇ. ಫಿಲ್ಟರ್‌ಟೇಬಲ್‌ನಲ್ಲಿ 90 ಎಫ್1, ಕೆಳಗೆ 00 20, ಕೊನೆಗೆ ಎಫ್‌ಎಫ್ 00 ಬರೆದರೆ ಒಂದನೇ ದನಿಗೆ ಲೋಪಾಸ್ (ಕೆಳಗಿನ ಕಂಪನಗಳನ್ನು ಮಾತ್ರ ಬಿಡುವುದು), ಪೂರ್ತಿ ರೆಸೊನೆನ್ಸ್ (ಸೋಸುವ ಗಡಿಯ ಬಳಿಯ ಸದ್ದನ್ನು ಎತ್ತಿ ತೋರಿಸುವುದು), ಕೆಳಮಟ್ಟದ ಕಟಾಫ್ (ಆ ಗಡಿ). ಎರಡು ವಾದ್ಯಗಳು ಬೇರೆ ಬೇರೆ ಫಿಲ್ಟರ್ ಕೇಳಿದರೆ ಕೊನೆಗೆ ಬಂದದ್ದೇ ನಿಲ್ಲುತ್ತದೆ, ಹಾಗಾಗಿ ಹಾಡಿಗೆ ಫಿಲ್ಟರ್ ಬಳಸುವ ಒಂದೇ ವಾದ್ಯ ಸಾಕು.

ವೇಗದ ಲೆಕ್ಕ ಸರಳ. ಸಾಲಿಗೆ 6 ಫ್ರೇಮ್, ಪೆಟ್ಟಿಗೆ 4 ಸಾಲು ಎಂದರೆ 24 ಫ್ರೇಮ್. ನಿಮಿಷಕ್ಕೆ 3000 ಫ್ರೇಮ್, ಅಂದರೆ 125 ಪೆಟ್ಟು. 5 ಫ್ರೇಮ್ ಆದರೆ 150, 7 ಆದರೆ ಸುಮಾರು 107. ನಡುವಿನ ವೇಗ ಬೇಕಿದ್ದರೆ ಇ ಕಮಾಂಡಿನಲ್ಲಿ ಎರಡು ವೇಗಗಳನ್ನು ಸಾಲು ಬಿಟ್ಟು ಸಾಲು ಬಳಸಬಹುದು. ಇದು ಪಾಲ್ (ಯುರೋಪಿನ ಟಿವಿ ಪದ್ಧತಿ) ಯಂತ್ರದ ಲೆಕ್ಕ. ಅದೇ ಹಾಡು ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿ ಸೆಕೆಂಡಿಗೆ 60 ಫ್ರೇಮಿನಂತೆ ಓಡಿ 150ಕ್ಕೇರುತ್ತದೆ. ಗಡಿಯಾರವೂ ಬೇರೆಯಾದ್ದರಿಂದ ಪಾಲ್‌ಗೆ ಬರೆದ ಶ್ರುತಿ ಅರ್ಧಸ್ವರದ ಮೂರರಲ್ಲಿ ಎರಡು ಪಾಲಿನಷ್ಟು ಮೇಲಕ್ಕೆ ಹೋಗುತ್ತದೆ.

ಮುಗಿದ ಮೇಲೆ ಎಫ್11ರಿಂದ ಮೂಲ ಫೈಲನ್ನು ಉಳಿಸಿ, ನಂತರ ಎಫ್9ರಿಂದ ಸಿಡ್ ರೂಪಕ್ಕೆ ಕಟ್ಟಿ. ಮೂಲ ಕಳೆದುಹೋದರೆ ಸಿಡ್ ಫೈಲನ್ನು ಗೋಟ್‌ಟ್ರ್ಯಾಕರ್‌ನಲ್ಲಿ ತೆರೆದು ತಿದ್ದಲಾಗದು. ಪಿಆರ್‌ಜಿ (ಕೊಮೊಡೋರ್ 64ರ ಪ್ರೋಗ್ರಾಮ್ ಫೈಲ್) ರೂಪದಲ್ಲಿ ಕಟ್ಟಿ ವೈಸ್‌ಗೆ ಹಾಕಿ, ಸದ್ದೇ ಇಲ್ಲವೆಂದು ಗಾಬರಿಯಾಗುವವರು ಬಹಳ. ಅದರಲ್ಲಿರುವುದು ಹಾಡು ಮತ್ತು ನುಡಿಸುವ ತುಣುಕು ಮಾತ್ರ. ಪ್ರತಿ ಫ್ರೇಮಿಗೂ ಅದನ್ನು ಕರೆಯುವ ಪ್ರೋಗ್ರಾಮನ್ನು ನೀವೇ ಬರೆಯಬೇಕು. ಕೇಳುವುದಕ್ಕೆ ಸಿಡ್ ಫೈಲನ್ನು ವೈಸ್‌ನ ಜೊತೆಗೇ ಬರುವ ವಿಎಸ್‌ಐಡಿಯಲ್ಲಿ ತೆರೆಯಿರಿ.

ರೆಕಾರ್ಡ್ ಮಾಡುವಾಗ ಸ್ಯಾಂಪ್ಲಿಂಗ್ ವಿಧಾನವನ್ನು ಫಾಸ್ಟ್‌ನಿಂದ ರೀಸ್ಯಾಂಪ್ಲಿಂಗ್‌ಗೆ ಬದಲಿಸಿ, ಇಲ್ಲವಾದರೆ ಎತ್ತರದ ಸ್ವರಗಳ ಜೊತೆ ಇಲ್ಲದ ಸ್ವರಗಳೂ ಕೀರಲಾಗಿ ಸೇರುತ್ತವೆ. ಚಟಪಟ ಸದ್ದು ಬಂದರೆ ಬಫರ್ ಹೆಚ್ಚಿಸಿ. 6581 ಆರಿಸಿದ್ದರೆ ವೇವ್ ಫೈಲಿಗೆ 20ರಿಂದ 30 ಹರ್ಟ್ಜ್ ನಡುವೆ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ತೆಗೆಯುವ ಫಿಲ್ಟರ್) ಹಾಕಿ. ಆ ಚಿಪ್ ಹೊರಬಿಡುವ ಸದ್ದಿನ ಜೊತೆ ಸದಾ ಒಂದು ಡಿಸಿ ಒತ್ತಡ ಇರುತ್ತದೆ, ತೆಗೆಯದೆ ಕತ್ತರಿಸಿ ಜೋಡಿಸಿದರೆ ಪ್ರತಿ ಜೋಡಣೆಯಲ್ಲೂ ಟಕ್ ಎನ್ನುತ್ತದೆ.