ಮಕ್ಕಳ ಮಿದುಳು ಮತ್ತು ನಿತ್ಯದ ಭಯ: ಪಾಲಕರಿಗೊಂದು ಸಲಹೆ

ಪರೀಕ್ಷೆ ಹತ್ತಿರವಾದಂತೆ ನಮ್ಮ ಧಾರವಾಡದ ಓಣಿಗಳಲ್ಲಿ ಸಂಜೆಯಾದರೆ ಮಕ್ಕಳನ್ನು ಗದರಿಸುವ ದನಿ ಹೆಚ್ಚುತ್ತಿರುವುದರಿಂದ, ಗುಂಪಿನ ಪಾಲಕರಲ್ಲಿ ಈ ವಿಷಯವನ್ನು ಹಂಚಿಕೊಳ್ಳುತ್ತಿದ್ದೇನೆ.

ಮಗು ಹೆದರಿದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಹೊಸ ಶಾಲೆಯ ಮೊದಲ ದಿನ ಅದು ಏರಿ ಇಳಿಯುವುದು ಸಹಜ. ಆದರೆ ಹೊಡೆತ, ಹೀಯಾಳಿಕೆ ಮತ್ತು ಹಿರಿಯರ ನಿತ್ಯದ ಜಗಳಗಳ ನಡುವೆ ದೇಹದ ಈ ಒತ್ತಡದ ವ್ಯವಸ್ಥೆ ತಿಂಗಳುಗಟ್ಟಲೆ ಕೆರಳುತ್ತಲೇ ಇದ್ದರೆ, ನೆನಪುಗಳನ್ನು ರೂಪಿಸುವ ಹಿಪೊಕ್ಯಾಂಪಸ್ಸಿನ ಹಾಗೂ ಗಮನ, ಸಂಯಮಗಳನ್ನು ನಿಭಾಯಿಸುವ ಮಿದುಳಿನ ಮುಂಭಾಗದ ಬೆಳವಣಿಗೆಗೆ ತೊಡಕಾಗಬಹುದು. ಭಯವನ್ನು ಗುರುತಿಸುವ ಅಮಿಗ್ಡಲಾ ಮಾತ್ರ ಸದಾ ಎಚ್ಚರದಲ್ಲಿರುತ್ತದೆ. ಹೆದರಿಸಿ ಓದಿಸಿದ ಪಾಠ ಮರುದಿನ ಮರೆತುಹೋಗುವುದಕ್ಕೆ ಈ ಒತ್ತಡವೂ ಒಂದು ಕಾರಣವಾಗಿರಬಹುದು.

ಸಮಾಧಾನದ ಸಂಗತಿಯೆಂದರೆ, ನಂಬಿಕೆಯ ಒಬ್ಬ ಹಿರಿಯರು ಜೊತೆಗಿದ್ದರೆ ಮಗುವಿನ ಒತ್ತಡ ಬೇಗ ತಗ್ಗುತ್ತದೆ. ಆ ಹಿರಿಯರು ಅಜ್ಜಿಯೋ ಸೋದರಮಾವನೋ ಆಗಿದ್ದರೂ ಸರಿ. ರಾತ್ರಿ ಊಟವಾದ ಮೇಲೆ ಫೋನನ್ನು ಬದಿಗಿಟ್ಟು, ಅಂಕಗಳ ಮಾತೆತ್ತದೆ, ಕಾಲು ಗಂಟೆ ಮಗು ಹೇಳುವುದನ್ನು ಕೇಳಿರಿ. ನನ್ನ ದೃಷ್ಟಿಯಲ್ಲಿ ಇದು ಯಾವ ಟ್ಯೂಷನ್ನಿಗಿಂತಲೂ ಮೊದಲು ಆಗಬೇಕಾದ ಕೆಲಸ. 6ರಿಂದ 12 ವರ್ಷದವರಿಗೆ ಕನಿಷ್ಠ 9 ಗಂಟೆಗಳ ನಿದ್ರೆಯೂ ಬೇಕು.

ನಿದ್ರೆ ಕೆಡುವುದು, ಕಾರಣ ತಿಳಿಯದ ಹೊಟ್ಟೆನೋವು, ಶಾಲೆಗೆ ಹೋಗಲು ಅಂಜಿಕೆ ವಾರಗಟ್ಟಲೆ ಮುಂದುವರಿದರೆ ಮಕ್ಕಳ ವೈದ್ಯರನ್ನು ಅಥವಾ ನಮ್ಮೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸನ್ನು ಸಂಪರ್ಕಿಸಬಹುದು. ಮಾನಸಿಕ ಆರೋಗ್ಯಕ್ಕಾಗಿರುವ ಸರಕಾರಿ ಸಹಾಯವಾಣಿ ಟೆಲಿ ಮಾನಸ್ (14416) ಉಚಿತವಾಗಿದ್ದು, ಹಗಲಿರುಳೂ ಲಭ್ಯವಿದೆ.