ಅಲರ್ಟ್ ಮಳೆ ಬೇರೆ, ಅಂಗಳದ ಮಳೆ ಬೇರೆ
ಹವಾಮಾನ ಇಲಾಖೆಯೋರು ಭಾರಿ ಮಳೆ ಅಂದ್ರೆ 24 ಗಂಟೇಲಿ 64.5ರಿಂದ 115.5 ಮಿ.ಮೀ., ಸುಮಾರು ಎರಡೂವರೆಯಿಂದ ನಾಲ್ಕೂವರೆ ಇಂಚು, ಅದೂ ಜಿಲ್ಲೆಗೆಲ್ಲ ಒಂದೇ ಬಣ್ಣದ ಅಲರ್ಟ್, ಆಗುಂಬೆಗೂ ಶಿಕಾರಿಪುರಕ್ಕೂ ಒಂದೇ ಮಳೆ ಬೀಳುತ್ತಾ ಮಾರಾಯ್ರೆ! ಅದಕ್ಕೆ ನಿಮ್ಮ ಅಂಗಳದ ಮಳೆ ನೀವೇ ಅಳೀರಿ: ಬುಡದಿಂದ ಬಾಯಿವರೆಗೂ ಒಂದೇ ಅಗಲ ಇರೋ, ತಳ ಚಪ್ಪಟೆ ಇರೋ ಡಬ್ಬ ಒಂದನ್ನ ಮರದ ಹನಿ, ಮಾಡಿನ ನೀರು ಬೀಳದ ಕಡೆ ಇಟ್ಟು ಪಕ್ಕಕ್ಕೆ ಕಲ್ಲು ಕೊಡಿ, ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಸ್ಕೇಲ್ ಇಳಿಸಿ ನೋಡಿ (ಸೊನ್ನೆಗಿಂತ ಮುಂಚೆ ತುದೀಲಿ ಖಾಲಿ ಜಾಗ ಇರುತ್ತಲ್ಲ, ಅದನ್ನೂ ಸೇರಿಸ್ಬೇಕು), ಕ್ಯಾಲೆಂಡರ್ ಮೇಲೆ ಬರೆದು ನೀರು ಚೆಲ್ಲಿ. ತೋಟಕ್ಕೆ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆಸೋರಿಗೆ ಟಿವಿ ಲೆಕ್ಕಕ್ಕಿಂತ ಇದೇ ಉಪಯೋಗ. ಗುಡ್ಡದ ಬುಡದಲ್ಲಿ, ಹೊಳೆ ಪಕ್ಕ ಇರೋರು ಮಾತ್ರ ಡಬ್ಬ ನೋಡ್ತಾ ಕೂರ್ಬೇಡಿ, ಅಲರ್ಟ್ ಬಂದ ಕೂಡ್ಲೇ ಜಾಗ ಖಾಲಿ ಮಾಡಿ.